ಚಿಲಿಯನ್ನು ನೋಡಿ ಎಂದ ಗೆಳೆಯನಿಗೆ



ಕಳೆದ ಯುವಕೂಟದ ಸಭೆಯಲ್ಲಿ ನಡೆದ ಮಾತು ಅಲ್ಲಿದ್ದವರಿಗೆಲ್ಲ ನೆನಪಿರಬಹುದು. ಎರಡನೇ ಪೂಜೆ ಮುಗಿಸಿ, ಚಾ ಕುಡಿದು, ಉದ್ಯೋಗದ ವಿಷಯ ಎತ್ತಿಕೊಂಡಿದ್ದೆವು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ರಜೆಗೆ ಬಂದಿದ್ದ ಗೆಳೆಯನೊಬ್ಬ ಎದ್ದು ನಿಂತು ಹೇಳಿದ: ಸರ್ಕಾರ ಶಾಲೆ ನಡೆಸುವುದು, ಬಸ್ಸು ಓಡಿಸುವುದು, ಪಿಂಚಣಿ ಕೊಡುವುದು ಎಲ್ಲವನ್ನೂ ನಿಲ್ಲಿಸಬೇಕು, ಖಾಸಗಿಯವರಿಗೆ ಬಿಡಬೇಕು, ಆಗ ಹತ್ತು ವರ್ಷದಲ್ಲಿ ದೇಶ ಎಲ್ಲಿಗೋ ಹೋಗುತ್ತದೆ. ನಂಬಿಕೆ ಇಲ್ಲದಿದ್ದರೆ ಚಿಲಿಯನ್ನು ನೋಡಿ ಎಂದ. ಅವನ ಮೊಬೈಲಿನಲ್ಲಿ ಒಂದು ವಿಡಿಯೋ ಕೂಡ ಇತ್ತು. ಎತ್ತರದ ಗಾಜಿನ ಕಟ್ಟಡ, ಅದರ ಹಿಂದೆ ಹಿಮ ಮುಚ್ಚಿದ ಬೆಟ್ಟ. ನಾವು ಹದಿನೇಳು ಮಂದಿ ಇದ್ದೆವು. ಒಬ್ಬರೂ ಉತ್ತರ ಕೊಡಲಿಲ್ಲ. ನಿಜ ಹೇಳಬೇಕೆಂದರೆ ಚಿಲಿ ನಕ್ಷೆಯಲ್ಲಿ ಎಲ್ಲಿದೆಯೆಂದೇ ನಮ್ಮಲ್ಲಿ ಹಲವರಿಗೆ ಗೊತ್ತಿರಲಿಲ್ಲ.

ಆದ್ದರಿಂದ ನಾವು ನಾಲ್ಕೈದು ಮಂದಿ ಕೂತು ಓದಿದೆವು. ಗೆಳೆಯ ಹೇಳಿದ್ದು ಒಂದು ರೀತಿಯಲ್ಲಿ ಸರಿ. ಚಿಲಿಯನ್ನು ನೋಡಲೇಬೇಕು. ಆದರೆ ವಿಡಿಯೋ ತೋರಿಸಿದಷ್ಟನ್ನೇ ನೋಡಿದರೆ ಸಾಲದು. ಅವನ ಮಾತಿಗೆ ನಮ್ಮ ಉತ್ತರ ಇಲ್ಲಿದೆ. ಇದು ನಿಷ್ಪಕ್ಷಪಾತ ಬರಹವಲ್ಲ ಎಂದು ಮೊದಲೇ ಹೇಳಿಬಿಡುತ್ತೇವೆ.

ನವ ಉದಾರವಾದ ಎಂದು ಪತ್ರಿಕೆಗಳಲ್ಲಿ ಬರುವ ಪದಕ್ಕೆ ಅರ್ಥ ಇಷ್ಟೇ: ಬೆಲೆ, ಕೂಲಿ, ಶಾಲೆ, ಆಸ್ಪತ್ರೆ, ನೀರು, ಮುಪ್ಪಿನ ಜೀವನ ಎಲ್ಲವನ್ನೂ ಮಾರುಕಟ್ಟೆಯೇ ತೀರ್ಮಾನಿಸಲಿ, ಸರ್ಕಾರ ಪೊಲೀಸು, ಸೈನ್ಯ, ಕೋರ್ಟು ನೋಡಿಕೊಂಡು ದೂರ ನಿಲ್ಲಲಿ ಎಂಬ ನಂಬಿಕೆ. ಈ ನಂಬಿಕೆಯನ್ನು ಇಡೀ ಒಂದು ದೇಶದ ಮೇಲೆ ಮೊದಲು ಪ್ರಯೋಗಿಸಿದ್ದು ಚಿಲಿಯಲ್ಲಿ. ಮತ್ತು ಅದು ಶುರುವಾದದ್ದು ಒಂದು ಕಥೋಲಿಕ ವಿಶ್ವವಿದ್ಯಾಲಯದಲ್ಲಿ. ಇದನ್ನು ಓದಿದಾಗ ನಾವು ಸ್ವಲ್ಪ ಹೊತ್ತು ಸುಮ್ಮನಾದೆವು.

1956ರಲ್ಲಿ ಸಾಂತಿಯಾಗೊ ನಗರದ ಪೊಂಟಿಫಿಕಲ್ ಕಥೋಲಿಕ ವಿಶ್ವವಿದ್ಯಾಲಯಕ್ಕೂ ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯಕ್ಕೂ ಒಂದು ಒಪ್ಪಂದವಾಯಿತು. ಚಿಲಿಯ ಬುದ್ಧಿವಂತ ಹುಡುಗರು ಶಿಕಾಗೊಗೆ ಹೋಗಿ ಅರ್ಥಶಾಸ್ತ್ರ ಕಲಿತು, ಹಿಂದಿರುಗಿ ಇದೇ ಕಥೋಲಿಕ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಊರವರು ಅವರನ್ನು ಶಿಕಾಗೊ ಹುಡುಗರು ಎಂದೇ ಕರೆದರು. ಅವರು ಬರೆದಿಟ್ಟ ದೊಡ್ಡ ಯೋಜನೆಗೆ ದಪ್ಪ ನೋಡಿಯೇ 'ಇಟ್ಟಿಗೆ' ಎಂಬ ಹೆಸರು ಬಂತು. ಚುನಾವಣೆಯಲ್ಲಿ ಆ ಇಟ್ಟಿಗೆಗೆ ಯಾರೂ ಮತ ಹಾಕಿರಲಿಲ್ಲ. 1973ರ ಸೆಪ್ಟೆಂಬರ್ 11ರಂದು ಸೈನ್ಯ ಅಧ್ಯಕ್ಷ ಸಾಲ್ವದೋರ್ ಅಯೆಂದೆಯ ಸರ್ಕಾರವನ್ನು ಉರುಳಿಸಿತು. ಜನರಲ್ ಪಿನೊಚೆ ಅಧಿಕಾರಕ್ಕೆ ಬಂದ. ಅವನ ಜೊತೆಗೇ ಇಟ್ಟಿಗೆಯೂ ಬಂತು.

ಅಯೆಂದೆಯ ಕಾಲ ಸುಖದ ಕಾಲವಾಗಿತ್ತು ಎಂದು ನಾವು ಹೇಳುತ್ತಿಲ್ಲ. ಬೆಲೆ ಹುಚ್ಚುಹುಚ್ಚಾಗಿ ಏರಿತ್ತು, ಅಂಗಡಿಗಳ ಮುಂದೆ ಸಾಲು ನಿಂತಿತ್ತು. ಆ ಸಾಲು ಕರಗಲೆಂದು ಸೈನ್ಯವನ್ನು ಸ್ವಾಗತಿಸಿದ ಕಥೋಲಿಕರೂ ಇದ್ದರು. ಆದರೆ ನಂತರ ಏನಾಯಿತು? ಸಂಸತ್ತು ಮುಚ್ಚಿತು. ಕಾರ್ಮಿಕ ಸಂಘಗಳ ಬಾಯಿಗೆ ಬೀಗ ಬಿತ್ತು. ಮೂರು ಸಾವಿರಕ್ಕೂ ಹೆಚ್ಚು ಮಂದಿ ಕೊಲೆಯಾದರು, ಇಲ್ಲವೇ ಹಿಡಿದೊಯ್ದ ಮೇಲೆ ಮತ್ತೆ ಕಾಣಲಿಲ್ಲ. ಚಿತ್ರಹಿಂಸೆ ಅನುಭವಿಸಿದವರ ಲೆಕ್ಕ ಹತ್ತಾರು ಸಾವಿರ. 1975ರಲ್ಲಿ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಸಾಂತಿಯಾಗೊಗೆ ಬಂದು ಪಿನೊಚೆಯನ್ನು ಕಂಡು, ನಿಧಾನಕ್ಕೆ ಮಾಡಬೇಡಿ, ಒಮ್ಮೆಲೇ ಮಾಡಿ ಎಂದು ಸಲಹೆ ಕೊಟ್ಟರು. ಆಘಾತ ಚಿಕಿತ್ಸೆ ಎಂದೇ ಅದರ ಹೆಸರು. ಸರ್ಕಾರದ ಖರ್ಚು ಕಡಿದರು, ಆಮದು ಸುಂಕ ಇಳಿಸಿದರು. ಆ ವರ್ಷ ದೇಶದ ಒಟ್ಟು ಉತ್ಪನ್ನ ಸುಮಾರು ಶೇಕಡಾ 13 ಕುಸಿಯಿತು.

ಅಯೆಂದೆಯ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಓರ್ಲಾಂದೊ ಲೆತೆಲಿಯರ್ 1976ರ ಆಗಸ್ಟ್‌ನಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಒಂದು ಲೇಖನ ಬರೆದರು. ಚಿಲಿಯ ಆರ್ಥಿಕ ನೀತಿಯನ್ನು ಒಂದು ಕಡೆ, ಅಲ್ಲಿನ ಹಿಂಸೆಯನ್ನು ಇನ್ನೊಂದು ಕಡೆ ಇಟ್ಟು ಬೇರೆಬೇರೆಯಾಗಿ ಮಾತಾಡಲಾಗದು, ಆ ಹಿಂಸೆಯಿಲ್ಲದೆ ಈ ನೀತಿ ನಿಲ್ಲುತ್ತಿರಲಿಲ್ಲ ಎಂಬುದು ಅವರ ವಾದ. ಸೆಪ್ಟೆಂಬರ್ 21ರಂದು ವಾಷಿಂಗ್ಟನ್ನಿನ ರಸ್ತೆಯಲ್ಲಿ ಅವರ ಕಾರಿಗೆ ಬಾಂಬಿಟ್ಟು ಕೊಂದರು. ಪಿನೊಚೆಯ ಗುಪ್ತ ಪೊಲೀಸರ ಕೆಲಸ ಅದು.

ಈಗ ನಮಗೆ ಹತ್ತಿರದ ವಿಷಯ. ಪಿಂಚಣಿ.

ಕಾರ್ಮಿಕ ಮಂತ್ರಿಯಾಗಿದ್ದಾಗ ಹೊಸೆ ಪಿನೇರಾ ರೂಪಿಸಿ, 1981ರಲ್ಲಿ ಜಾರಿಗೆ ಬಂದ ವ್ಯವಸ್ಥೆ ಹೀಗಿತ್ತು: ಕೆಲಸಗಾರ ತನ್ನ ಸಂಬಳದ ಶೇಕಡಾ 10ನ್ನು ಒಂದು ಖಾಸಗಿ ಕಂಪನಿಯಲ್ಲಿ ತನ್ನ ಹೆಸರಿನ ಖಾತೆಗೆ ಕಟ್ಟಬೇಕು. ಕಂಪನಿಯ ಕಮಿಷನ್ ಬೇರೆ. ಮಾಲೀಕನ ಪಾಲು ಇಲ್ಲ. ಕಂಪನಿ ಆ ದುಡ್ಡನ್ನು ಷೇರು ಮುಂತಾದವುಗಳಲ್ಲಿ ಹೂಡುತ್ತದೆ, ಬೆಳೆದಷ್ಟು ಮುಪ್ಪಿಗೆ. ಕೇಳಲು ಚೆನ್ನಾಗಿದೆ. ನನ್ನ ದುಡ್ಡು ನನಗೆ, ಯಾರ ಹಂಗೂ ಬೇಡ. ವರ್ಲ್ಡ್ ಬ್ಯಾಂಕ್ 1994ರಲ್ಲಿ ಪಿಂಚಣಿಯ ಮೇಲೆ ಒಂದು ದೊಡ್ಡ ವರದಿ ತಂದು ಇಂಥ ಖಾತೆಗಳ ದಾರಿಯನ್ನೇ ಲೋಕಕ್ಕೆ ತೋರಿಸಿತು. ಲ್ಯಾಟಿನ್ ಅಮೆರಿಕದ ಹಲವು ದೇಶಗಳು ಹಿಂಬಾಲಿಸಿದವು.

ಆದರೆ ಖಾತೆಯಲ್ಲಿ ದುಡ್ಡು ತುಂಬಬೇಕಾದರೆ ನಲವತ್ತು ವರ್ಷ ತಪ್ಪದೆ ಸಂಬಳ ಬರಬೇಕು. ಹೆರಿಗೆಗೆ ಕೆಲಸ ಬಿಟ್ಟ ಹೆಂಗಸಿಗೆ ಬಾರದು. ಮುದಿ ಅತ್ತೆಯನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದವಳಿಗೆ ಬಾರದು. ವರ್ಷದಲ್ಲಿ ಆರು ತಿಂಗಳು ಹಣ್ಣು ಕೊಯ್ಯುವ ಕೂಲಿಗೆ ಹೋಗುವವನಿಗೂ ಬಾರದು. ಹೆಂಗಸರು ಹೆಚ್ಚು ವರ್ಷ ಬದುಕುತ್ತಾರೆಂದು ಲೆಕ್ಕ ಹಾಕಿ ಅವರ ತಿಂಗಳ ಮೊತ್ತವನ್ನು ಇನ್ನಷ್ಟು ಇಳಿಸಿದರು. ಮೂವತ್ತು ಚಿಲ್ಲರೆ ವರ್ಷ ಕಳೆದು ಮೊದಲ ತಲೆಮಾರು ನಿವೃತ್ತಿಯಾಗುವಾಗ ನೋಡಿದರೆ, ಬಹುಪಾಲು ಜನರಿಗೆ ಬಂದದ್ದು ದೇಶದ ಕನಿಷ್ಠ ಕೂಲಿಗಿಂತಲೂ ಕಡಿಮೆ. 2008ರಲ್ಲಿ ಸರ್ಕಾರವೇ ತನ್ನ ಬೊಕ್ಕಸದಿಂದ ಬಡವರ ಪಿಂಚಣಿಗೆ ಕೈಯಿಕ್ಕಬೇಕಾಯಿತು. 2016ರಲ್ಲಿ ಈ ಕಂಪನಿಗಳೇ ಬೇಡವೆಂದು ಜನ ದೊಡ್ಡ ಸಂಖ್ಯೆಯಲ್ಲಿ ಬೀದಿಗಿಳಿದರು. ಕೊರೋನಾ ಬಂದಾಗ 2020 ಮತ್ತು 2021ರಲ್ಲಿ ಮೂರು ಬಾರಿ ಕಾನೂನು ಮಾಡಿ, ನಿಮ್ಮ ಮುಪ್ಪಿನ ಖಾತೆಯಿಂದ ನೀವೇ ಒಂದಷ್ಟು ತೆಗೆದುಕೊಂಡು ಉಣ್ಣಿ ಎಂದರು. ಜನ ತೆಗೆದರು, ಉಂಡರು. ಎಷ್ಟೋ ಜನರ ಖಾತೆ ಸೊನ್ನೆಯಾಯಿತು.

ಒಂದು ಸಣ್ಣ ವಿಷಯ ಬಿಟ್ಟುಹೋಯಿತು. 1981ರಲ್ಲಿ ಈ ಅದ್ಭುತ ವ್ಯವಸ್ಥೆಗೆ ಸೇರದೆ ಹಳೆಯ ಸರ್ಕಾರಿ ಪಿಂಚಣಿಯಲ್ಲೇ ಉಳಿದವರು ಯಾರು ಗೊತ್ತೇ? ಸೈನಿಕರು ಮತ್ತು ಪೊಲೀಸರು. ಅಷ್ಟು ಒಳ್ಳೆಯದಾಗಿದ್ದರೆ ಜನರಲ್ ಸಾಹೇಬರು ಮೊದಲು ತಮ್ಮ ಸೈನ್ಯಕ್ಕೇ ಬಡಿಸಬೇಕಿತ್ತಲ್ಲವೇ? ತಾಮ್ರದ ಕಥೆಯೂ ಹಾಗೆಯೇ. ಅಯೆಂದೆಯ ಕಾಲದಲ್ಲಿ, 1971ರಲ್ಲಿ, ಸಂಸತ್ತು ಒಮ್ಮತದಿಂದ ರಾಷ್ಟ್ರೀಕರಿಸಿದ ದೊಡ್ಡ ತಾಮ್ರದ ಗಣಿಗಳನ್ನು ಪಿನೊಚೆ ಮಾರಲಿಲ್ಲ. ಸರ್ಕಾರಿ ಕಂಪನಿಯ ಕೈಯಲ್ಲೇ ಇಟ್ಟುಕೊಂಡ. ಆ ತಾಮ್ರದ ರಫ್ತಿನ ಶೇಕಡಾ 10 ನೇರ ಸೈನ್ಯಕ್ಕೆ ಹೋಗುತ್ತಿತ್ತು. ಗೆಳೆಯನ ವಿಡಿಯೋದಲ್ಲಿ ಈ ಗಣಿಗಳ ಸುದ್ದಿ ಇರಲಿಲ್ಲ.

ನಮಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ನಮ್ಮ ಕೇಂದ್ರ ಸರ್ಕಾರ 2004ರ ಜನವರಿ 1ರಿಂದ ಕೆಲಸಕ್ಕೆ ಸೇರುವವರಿಗೆ ಹಳೆಯ ಪಿಂಚಣಿ ನಿಲ್ಲಿಸಿ, ಮಾರುಕಟ್ಟೆಯಲ್ಲಿ ಹೂಡುವ ಹೊಸ ಯೋಜನೆ ತಂದಿತು. ಅದರಿಂದ ಹೊರಗಿಟ್ಟದ್ದು ಯಾರನ್ನು? ಸೇನೆಯನ್ನು. ಕರ್ನಾಟಕದಲ್ಲಿ ಅದು 2006ರ ಏಪ್ರಿಲ್‌ನಿಂದ ಬಂತು, ನಮ್ಮ ಕೇರಳದಲ್ಲಿ 2013ರ ಏಪ್ರಿಲ್‌ನಿಂದ. ನಮ್ಮ ಇಗರ್ಜಿಯಲ್ಲೇ ಕನ್ನಡ ಶಾಲೆಗಳ ಮಾಸ್ತರರೂ ಟೀಚರ್‌ಗಳೂ ಇದ್ದಾರಲ್ಲ, ಕೇಳಿ ನೋಡಿ. 2013ಕ್ಕೆ ಮೊದಲು ಸೇರಿದವರು ಒಂದು ಲೆಕ್ಕ, ನಂತರ ಸೇರಿದವರು ಇನ್ನೊಂದು ಲೆಕ್ಕ. ಒಂದೇ ಸ್ಟಾಫ್ ರೂಮು, ಒಂದೇ ಕರಿಹಲಗೆ. ನಮ್ಮಲ್ಲಿ ಸರ್ಕಾರವೂ ಖಾತೆಗೆ ತನ್ನ ಪಾಲು ಹಾಕುತ್ತದೆ, ಅಷ್ಟರ ಮಟ್ಟಿಗೆ ಚಿಲಿಗಿಂತ ವಾಸಿ. ಆದರೆ ಇದು ಸರ್ಕಾರಿ ನೌಕರರ ಮಾತು. ನಮ್ಮ ವಾಳೆಯಲ್ಲಿ ಮೂವತ್ತು ವರ್ಷ ಬೀಡಿ ಕಟ್ಟಿದ ಬಾಯಮ್ಮಂದಿರಿಗೆ ಪಿಎಫ್‌ನಿಂದ ಬರುವ ಪಿಂಚಣಿ ಎಷ್ಟು? ಕನಿಷ್ಠ 1000 ರೂಪಾಯಿ ಎಂದು 2014ರಲ್ಲಿ ನಿಗದಿ ಮಾಡಿದ್ದು. ಆಮೇಲೆ ಅಕ್ಕಿ, ಗ್ಯಾಸು, ಮದ್ದು, ಬಸ್ಸಿನ ಟಿಕೆಟು ಎಲ್ಲವೂ ಏರಿದೆ.

ನೀರಿನದೂ ಅದೇ ಹಾಡು. ಅದೇ 1981ರ ಕಾನೂನಿನಲ್ಲಿ ಚಿಲಿಯ ನದಿ ಮತ್ತು ಅಂತರ್ಜಲದ ಹಕ್ಕನ್ನು ಭೂಮಿಯಿಂದ ಬೇರೆ ಮಾಡಿ, ಶಾಶ್ವತವಾಗಿ ಕೊಟ್ಟು, ಕೊಂಡು ಮಾರಲು ಬಿಟ್ಟರು. ಪೆತೋರ್ಕಾ ಎಂಬ ಕಡೆ ಬೆಣ್ಣೆಹಣ್ಣಿನ ದೊಡ್ಡ ತೋಟಗಳು ಗುಡ್ಡದ ಮೇಲೆ ಹಸಿರಾಗಿರುವಾಗ ಕೆಳಗಿನ ಹಳ್ಳಿಗಳಿಗೆ ಟ್ಯಾಂಕರಿನಲ್ಲಿ ಕುಡಿಯುವ ನೀರು. ಬರಗಾಲವೂ ಇತ್ತು, ನಿಜ. ಆದರೆ ಬರ ಎಲ್ಲರಿಗೂ ಒಂದೇ ಆಗಿರಲಿಲ್ಲ. ಗುಡ್ಡಕ್ಕೆ ಸುರಂಗ ಕೊರೆದು ನೀರು ತರುವ ಕಾಸರಗೋಡಿನವರಾದ ನಮಗೆ ಇದು ಬೇಗ ಅರ್ಥವಾಗಬೇಕು. ಒಬ್ಬರ ಸುರಂಗದ ನೀರು ಕೆಳಗಿನ ಮನೆಯ ತೋಟಕ್ಕೂ ಹರಿಯುವುದನ್ನು ಕಂಡವರು ನಾವು. ಆ ಗುಡ್ಡದೊಳಗಿನ ನೀರನ್ನೇ ದೂರದ ಊರಿನ ಯಾರೋ ಕಾಗದದ ಮೇಲೆ ಕೊಂಡಿದ್ದಾರೆ ಎಂದರೆ ಹೇಗಿರುತ್ತದೆ, ಯೋಚಿಸಿ.

ಶಾಲೆಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮಕ್ಕಳ ತಲೆಗೆ ಇಷ್ಟು ಎಂದು ಸರ್ಕಾರ ದುಡ್ಡು ಕೊಡುತ್ತದೆ, ತಾಯ್ತಂದೆ ಬೇಕಾದ ಶಾಲೆ ಆರಿಸಲಿ ಎಂಬ ಯೋಜನೆ ಅಲ್ಲಿ ಬಂತು. ಕೊನೆಗೆ ಆರಿಸಿದ್ದು ಶಾಲೆಗಳು, ತಾಯ್ತಂದೆಯರಲ್ಲ. ಮೇಲಿನ ಫೀಸು ಕೊಡಬಲ್ಲವರ ಮಕ್ಕಳು ಒಂದು ಕಡೆ, ಉಳಿದವರು ಪುರಸಭೆಯ ಶಾಲೆಯಲ್ಲಿ. 2006ರಲ್ಲಿ ಹೈಸ್ಕೂಲು ಮಕ್ಕಳೂ 2011ರಲ್ಲಿ ಕಾಲೇಜಿನವರೂ ಬೀದಿಗಿಳಿದರು. ಆ 2011ರ ವಿದ್ಯಾರ್ಥಿ ನಾಯಕರಲ್ಲಿ ಒಬ್ಬನಾದ ಗಾಬ್ರಿಯೆಲ್ ಬೋರಿಕ್ 2022ರಲ್ಲಿ ದೇಶದ ಅಧ್ಯಕ್ಷನಾದ. ಇಲ್ಲಿ ನಮ್ಮ ಮುಖವನ್ನೂ ಕನ್ನಡಿಯಲ್ಲಿ ನೋಡಿಕೊಳ್ಳೋಣ. ನಮ್ಮವರೇ ನಡೆಸುವ ಕೆಲವು ಕಾಲೇಜುಗಳಲ್ಲಿ ನರ್ಸಿಂಗ್ ಸೀಟಿಗೆ ಎಷ್ಟು ಸಾಲ ಮಾಡಬೇಕಾಗುತ್ತದೆ ಎಂಬುದು ನಮ್ಮ ಮನೆಗಳಿಗೇ ಗೊತ್ತು. ಆ ಸಾಲ ತೀರಿಸಲೆಂದೇ ನಮ್ಮ ಅಕ್ಕಂದಿರು ಗಲ್ಫಿನ ವಿಮಾನ ಹತ್ತಿದ್ದು.

ಗೆಳೆಯ ಕೇಳಬಹುದು: ಹಾಗಾದರೆ ಚಿಲಿಯಲ್ಲಿ ಬಡತನ ಇಳಿದದ್ದು ಸುಳ್ಳೇ? ಸುಳ್ಳಲ್ಲ. ಆದರೆ ಯಾವಾಗ ಇಳಿಯಿತು ಎಂದು ನೋಡು. 1982ರಲ್ಲಿ ಆರ್ಥಿಕತೆ ಮತ್ತೊಮ್ಮೆ ಶೇಕಡಾ 14ರಷ್ಟು ಮುಗ್ಗರಿಸಿತು, ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಕೆಲಸವಿರಲಿಲ್ಲ. ಆಗ ಮುಳುಗುತ್ತಿದ್ದ ಖಾಸಗಿ ಬ್ಯಾಂಕುಗಳನ್ನು, ಅತಿ ದೊಡ್ಡ ಎರಡನ್ನೂ ಸೇರಿಸಿ, 1983ರಲ್ಲಿ ಕೈಗೆ ತೆಗೆದುಕೊಂಡು ಬದುಕಿಸಿದ್ದು ಯಾರು? ದೂರ ನಿಲ್ಲಬೇಕಾಗಿದ್ದ ಸರ್ಕಾರವೇ. ಕೂಲಿಯವನು ಮುಳುಗಿದರೆ ಅದು ಮಾರುಕಟ್ಟೆಯ ನಿಯಮ, ಬ್ಯಾಂಕು ಮುಳುಗಿದರೆ ಮಾತ್ರ ದೇಶದ ಜವಾಬ್ದಾರಿ! ಪಿನೊಚೆ ಇಳಿದ 1990ರ ಹೊತ್ತಿಗೆ ಹತ್ತರಲ್ಲಿ ಸುಮಾರು ನಾಲ್ವರು ಬಡವರಾಗಿಯೇ ಇದ್ದರು. ಹದಿನೇಳು ವರ್ಷದ ಪ್ರಯೋಗದ ನಂತರದ ಲೆಕ್ಕ ಇದು. ಬಡತನ ದೊಡ್ಡದಾಗಿ ಇಳಿದದ್ದು ಆ ಬಳಿಕ. ಬೆಳವಣಿಗೆಯೂ ಇತ್ತು, ಅದನ್ನು ಮರೆಮಾಚುವುದಿಲ್ಲ. ಅದರ ಜೊತೆಗೆ ಚುನಾಯಿತ ಸರ್ಕಾರಗಳು ತೆರಿಗೆ ಏರಿಸಿದವು, ಕನಿಷ್ಠ ಕೂಲಿ ಏರಿಸಿದವು, ಬಡವರಿಗೆ ಖರ್ಚು ಮಾಡಿದವು. ಆದರೂ ಪಿಂಚಣಿ, ನೀರು, ಶಾಲೆಯ ಹಳೆಯ ಚೌಕಟ್ಟು ಬಹುಕಾಲ ಹಾಗೆಯೇ ಉಳಿಯಿತು, 1980ರಲ್ಲಿ ಪಿನೊಚೆ ತಂದ ಸಂವಿಧಾನ ಅದಕ್ಕೆ ಕಾವಲಿತ್ತು.

2019ರ ಅಕ್ಟೋಬರ್‌ನಲ್ಲಿ ಅದು ಸಿಡಿಯಿತು. ಆಗ ಅಧ್ಯಕ್ಷನಾಗಿದ್ದದ್ದು ಪಿಂಚಣಿ ಮಂತ್ರಿ ಹೊಸೆ ಪಿನೇರಾನ ಸ್ವಂತ ತಮ್ಮ, ಕೋಟ್ಯಧೀಶ ಸೆಬಾಸ್ಟಿಯನ್ ಪಿನೇರಾ. ಸುತ್ತಲಿನ ದೇಶಗಳ ಗಲಾಟೆಯ ನಡುವೆ ಚಿಲಿ ಒಂದು ಓಯಸಿಸ್ ಎಂದು ಅವರು ಟಿವಿಯಲ್ಲಿ ಹೇಳಿದ್ದು ಅದೇ ತಿಂಗಳು. ಮೆಟ್ರೋ ಟಿಕೆಟು 30 ಪೆಸೊ ಏರಿತು. ದಟ್ಟಣೆಯ ಹೊತ್ತಿನಲ್ಲಿ ದರ ಹೆಚ್ಚಾದರೆ ಬೆಳಿಗ್ಗೆ ಬೇಗ ಎದ್ದು ಹೊರಡಿ, ಅಗ್ಗ ಸಿಗುತ್ತದೆ ಎಂಬರ್ಥದಲ್ಲಿ ಒಬ್ಬ ಮಂತ್ರಿ ಮಾತಾಡಿದರು. ಶಾಲಾ ಮಕ್ಕಳು ಟಿಕೆಟಿಲ್ಲದೆ ಗೇಟು ಹಾರತೊಡಗಿದರು. ಅಕ್ಟೋಬರ್ 18ರ ರಾತ್ರಿ ಮೆಟ್ರೋ ನಿಲ್ದಾಣಗಳು ಉರಿದವು, ಬೀದಿಯಲ್ಲಿ ಸೈನ್ಯ ಇಳಿಯಿತು. 25ರಂದು ಸಾಂತಿಯಾಗೊದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಇದು 30 ಪೆಸೊ ಮಾತಲ್ಲ, 30 ವರ್ಷದ ಮಾತು ಎಂದು ಅವರು ಕೂಗಿದರು. ಬೆಂಕಿ ಇಟ್ಟದ್ದನ್ನು ನಾವು ಸಮರ್ಥಿಸುವುದಿಲ್ಲ. ಮರುವರ್ಷ ಎರಡು ಇಗರ್ಜಿಗಳನ್ನೂ ಸುಟ್ಟರು.

ಇಗರ್ಜಿಗೆ ಬೆಂಕಿ ಬಿದ್ದದ್ದನ್ನು ಓದಿದಾಗ ಸಿಟ್ಟು ಬಂತು. ಆಮೇಲೆ ಪ್ರಶ್ನೆಯೂ ಬಂತು. ಬಡವರ ಪರ ನಿಂತ ಹೆಸರಿದ್ದ ಧರ್ಮಸಭೆಯ ಮೇಲೆ ಅಲ್ಲಿನ ಹುಡುಗರಿಗೆ ಗೌರವ ಯಾಕೆ ಉಳಿಯಲಿಲ್ಲ? ಪಾದ್ರಿಗಳ ದುರ್ವರ್ತನೆಯ ಪ್ರಕರಣಗಳು, ಅವನ್ನು ಮುಚ್ಚಿಟ್ಟದ್ದು ಒಂದು ದೊಡ್ಡ ಕಾರಣ. 2018ರಲ್ಲಿ ದೇಶದ ಧರ್ಮಾಧ್ಯಕ್ಷರೆಲ್ಲ ರಾಜೀನಾಮೆ ಮುಂದಿಡಬೇಕಾಗಿ ಬಂದಿತ್ತು. ಇನ್ನೊಂದು ಹಳೆಯ ಗಾಯವೂ ಇದೆ ಎಂದು ನಮಗೆ ಅನಿಸುತ್ತದೆ. 1980ರ ಸಂವಿಧಾನದ ಮುಖ್ಯ ಶಿಲ್ಪಿ ಹೈಮೆ ಗುಸ್ಮಾನ್ ದೈವಭಕ್ತ ಕಥೋಲಿಕ, ಅದೇ ಕಥೋಲಿಕ ವಿಶ್ವವಿದ್ಯಾಲಯದ ಪ್ರೊಫೆಸರ್. ಚಿಕ್ಕ ಸಮುದಾಯ ಮಾಡಬಲ್ಲ ಕೆಲಸವನ್ನು ದೊಡ್ಡ ಸರ್ಕಾರ ಕಸಿಯಬಾರದು ಎಂದು 1931ರಲ್ಲಿ ಪೋಪ್ ಹನ್ನೊಂದನೇ ಪಯಸ್ ಬರೆದ ತತ್ವವನ್ನು ಎತ್ತಿಕೊಂಡು, ಖಾಸಗಿಯವರಿಗೆ ಲಾಭವಿರುವಲ್ಲಿ ಸರ್ಕಾರ ಕಾಲಿಡಬಾರದು ಎಂದು ತಿರುಗಿಸಿದವರಲ್ಲಿ ಅವನು ಪ್ರಮುಖ. ಅದೇ ಪತ್ರದಲ್ಲಿ ಪಯಸರು ಲಂಗುಲಗಾಮಿಲ್ಲದ ಪೈಪೋಟಿಯನ್ನು ಖಂಡಿಸಿದ್ದಾರೆ. ಆ ಪುಟ ಓದಲಿಲ್ಲವೋ, ಓದಿಯೂ ಮಡಚಿಟ್ಟರೋ.

ಅದೇ ಊರಿನ ಕಾರ್ಡಿನಲ್ ರಾವುಲ್ ಸಿಲ್ವಾ ಹೆನ್ರಿಕೆಸ್ ಬೇರೆ ಪುಟ ಓದಿದ್ದರು. ಡಾನ್ ಬೊಸ್ಕೊ ಸಭೆಯವರು. ಸರ್ಕಾರದ ಭೂಸುಧಾರಣೆಗೆ ಕಾಯದೆ 1962ರಲ್ಲೇ ಧರ್ಮಪ್ರಾಂತ್ಯದ ಸ್ವಂತ ಜಮೀನನ್ನು ದುಡಿಯುವವರಿಗೆ ಹಂಚಲು ಹೊರಟವರು. ಪಿನೊಚೆ ಬಂದ ಮೇಲೆ ಬೇರೆ ಸಭೆಗಳ ಕ್ರೈಸ್ತರ ಮತ್ತು ಯೆಹೂದಿಗಳ ಜೊತೆ ಸೇರಿ ನೊಂದವರಿಗಾಗಿ ಒಂದು ಸಮಿತಿ ಕಟ್ಟಿದರು. ಪಿನೊಚೆಯ ಒತ್ತಡಕ್ಕೆ ಅದು ಮುಚ್ಚಬೇಕಾದಾಗ, 1976ರ ಜನವರಿ 1ರಂದು ಮಹಾಧರ್ಮಪ್ರಾಂತ್ಯದ ಒಳಗೇ ಒಗ್ಗಟ್ಟಿನ ವಿಕಾರಿಯಾತ್ ಎಂಬ ಕಚೇರಿ ತೆರೆದರು. ಇನ್ನು ಮುಚ್ಚಬೇಕಾದರೆ ಕಾರ್ಡಿನಲರನ್ನೇ ಮುಟ್ಟಬೇಕಿತ್ತು. ಆ ಕಚೇರಿಯ ವಕೀಲರು ಕಾಣೆಯಾದವರಿಗಾಗಿ ಕೋರ್ಟಿಗೆ ಅರ್ಜಿಯ ಮೇಲೆ ಅರ್ಜಿ ಹಾಕಿದರು. ಕೆಲಸ ಹೋದವರ ಬಡಾವಣೆಗಳಲ್ಲಿ ಹೆಂಗಸರು ಒಟ್ಟಾಗಿ ಒಂದೇ ಹಂಡೆಯಲ್ಲಿ ಅಡುಗೆ ಮಾಡಿದರು, ಇಗರ್ಜಿಯ ಸಭಾಂಗಣಗಳಲ್ಲಿ ಮಕ್ಕಳಿಗೆ ಊಟ ಬಡಿಸಿದರು. ಹರಕು ಬಟ್ಟೆಯ ತುಂಡುಗಳನ್ನು ಹೊಲಿದು ತಮ್ಮ ಕಥೆಯನ್ನು ಚಿತ್ರವಾಗಿಸಿದ ತಾಯಂದಿರ ಕೈಕೆಲಸವನ್ನು ವಿಕಾರಿಯಾತೇ ಹೊರದೇಶಕ್ಕೆ ಕಳಿಸಿ ಮಾರಿತು. ಪೋಪ್ ಎರಡನೇ ಜಾನ್ ಪೌಲ್ 1987ರ ಏಪ್ರಿಲ್‌ನಲ್ಲಿ ಸಾಂತಿಯಾಗೊಗೆ ಬಂದು, ಅರ್ಥಶಾಸ್ತ್ರಜ್ಞರೇ ಕೂತಿದ್ದ ವಿಶ್ವಸಂಸ್ಥೆಯ ಸಭೆಯಲ್ಲಿ, ಬಡವರು ಕಾಯಲಾರರು ಎಂದರು. ಶ್ರೀಮಂತಿಕೆ ತುಂಬಿ ತುಳುಕಿ ಕೆಳಗೆ ಸುರಿಯುವವರೆಗೆ ಅವರನ್ನು ನಿಲ್ಲಿಸಬೇಡಿ ಎಂಬುದು ಅವರ ಮಾತಿನ ಸಾರ.

ಒಂದೇ ಧರ್ಮಸಭೆ, ಒಂದೇ ನಗರ. ವಿಶ್ವವಿದ್ಯಾಲಯದಲ್ಲಿ ಇಟ್ಟಿಗೆ ಬರೆದವರೂ ನಮ್ಮವರೇ, ಹಂಡೆ ಒಲೆಗಿಟ್ಟವರೂ ನಮ್ಮವರೇ. ಸಭೆಯಲ್ಲಿ ಗೆಳೆಯ ಮಾತಾಡುವಾಗ ನಾವು ಸುಮ್ಮನಿದ್ದದ್ದು ಈ ಕಾರಣಕ್ಕೆ ಈಗ ಹೆಚ್ಚು ಚುಚ್ಚುತ್ತಿದೆ.

ಚಿಲಿಯಲ್ಲಿ ಇನ್ನೂ ಎಲ್ಲ ಸರಿಹೋಗಿಲ್ಲ. ಹೊಸ ಸಂವಿಧಾನದ ಎರಡು ಕರಡುಗಳನ್ನು 2022ರಲ್ಲೂ 2023ರಲ್ಲೂ ಜನರೇ ತಿರಸ್ಕರಿಸಿದರು. ಮೊದಲನೆಯದು ಎಡಕ್ಕೆ ಹೆಚ್ಚಾಯಿತೆಂದು, ಎರಡನೆಯದು ಬಲಕ್ಕೆ ಹೆಚ್ಚಾಯಿತೆಂದು ಹಲವರ ಅಭಿಪ್ರಾಯ. 2025ರ ಜನವರಿಯಲ್ಲಿ ಅಲ್ಲಿನ ಸಂಸತ್ತು ಪಿಂಚಣಿ ಕಾನೂನು ತಿದ್ದಿ, ಮಾಲೀಕರೂ ಪಾಲು ಕಟ್ಟಬೇಕೆಂದಿತು. ನಲವತ್ತನಾಲ್ಕು ವರ್ಷ ಬೇಕಾಯಿತು. ಖಾಸಗಿ ಕಂಪನಿಗಳು ಮಾತ್ರ ಇನ್ನೂ ಅಲ್ಲೇ ಇವೆ. ಒಮ್ಮೆ ಕೈಬಿಟ್ಟದ್ದನ್ನು ಹಿಂದೆ ಪಡೆಯುವುದು ಇಷ್ಟು ಕಷ್ಟ.

ಗೆಳೆಯನಿಗೆ ಇಷ್ಟನ್ನೂ ವಾಟ್ಸಾಪಿನಲ್ಲಿ ಕಳಿಸಿ, ಕೊನೆಗೆ ಒಂದು ಪ್ರಶ್ನೆ ಕೇಳಿದೆವು: ನಿನ್ನ ಸಂಬಳದ ಚೀಟಿಯಲ್ಲಿ ಪಿಎಫ್ ಕಡಿತ ಇದೆಯಾ? ಇಲ್ಲ, ಕಂಟ್ರಾಕ್ಟಿನ ಮೇಲಿದ್ದೇನೆ, ಹನ್ನೊಂದು ತಿಂಗಳಿಗೊಮ್ಮೆ ಹೊಸ ಪತ್ರ ಕೊಡುತ್ತಾರೆ ಎಂದು ಬರೆದ. ಕ್ರಿಸ್ಮಸ್ ರಜೆಗೆ ಬರುತ್ತಾನಂತೆ. ಆಗಿನ ಸಭೆಯಲ್ಲಿ ಮಾತು ಮುಂದುವರಿಸೋಣ. ಬರುವವರು ತಮ್ಮ ಕಂಟ್ರಾಕ್ಟ್ ಪತ್ರ, ಮನೆಯ ಹಿರಿಯರ ಪಿಎಫ್ ಮತ್ತು ಬೀಡಿ ಕಾರ್ಡುಗಳನ್ನು ತನ್ನಿ. ಎರಡನೇ ಪೂಜೆಯ ನಂತರ, ಶಾಲೆಯ ಹಿಂದಿನ ಕೋಣೆಯಲ್ಲಿ.